ಕೂಬರ್ ಪೀಡಿ: ನೆಲದಡಿಯ ಊರಿನಲ್ಲಿ ಎರಡು ರಾತ್ರಿ

ದಕ್ಷಿಣ ಆಸ್ಟ್ರೇಲಿಯಾದ ಓಪಲ್ ಎಂಬ ಬಣ್ಣವಾಡುವ ರತ್ನದ ಗಣಿಗಳ ಊರಾದ ಕೂಬರ್ ಪೀಡಿಯಲ್ಲಿ ನಾನೂ ನನ್ನ ಪತಿಯೂ ನವೆಂಬರ್ ಮೊದಲ ವಾರ ಎರಡು ರಾತ್ರಿ ಉಳಿದುಬಂದೆವು. ಹೊರಡುವ ಮುಂಚೆ ನಾವು ವಿಚಾರಿಸಿದವರೆಲ್ಲ ಒಂದೇ ಮಾತು ಹೇಳಿದ್ದರು: ಅಡಿಲೇಡ್‌ನಿಂದ ಉಲುರು ಹೆಬ್ಬಂಡೆಗೆ ಹೋಗುವ ದಾರಿಯಲ್ಲಿ ಎರಡು ಗಂಟೆ ನಿಂತು, ಒಂದು ಗಣಿ ನೋಡಿ ಮುಂದೆ ಹೊರಟರೆ ಸಾಕು. ಹಾಗೆ ಮಾಡಿದ್ದರೆ ಈ ಊರು ನನಗೂ ಹಿಡಿಸುತ್ತಿರಲಿಲ್ಲ. ಇದು ನೋಡುವವರಿಗಾಗಿ ಸಿಂಗರಿಸಿಟ್ಟ ಊರಲ್ಲ. ಮುಖ್ಯ ರಸ್ತೆಯ ಇಕ್ಕೆಲಗಳಲ್ಲಿ ತಗಡಿನ ಶೆಡ್ಡುಗಳು, ತುಕ್ಕು ಹಿಡಿದ ಯಂತ್ರಗಳು, ಕೆಟ್ಟು ನಿಂತ ಲಾರಿಗಳು ಕಾಣುತ್ತವೆ. ನೋಡಬೇಕಾದದ್ದರ ಬಹುಪಾಲು ನೆಲದ ಕೆಳಗಿದೆ; ಅದನ್ನು ನೋಡಲು ಕಣ್ಣು ಕತ್ತಲೆಗೆ ಹೊಂದಿಕೊಳ್ಳುವಷ್ಟು ಹೊತ್ತು ಬೇಕು. ಆದ್ದರಿಂದ ನನ್ನ ತೀರ್ಪನ್ನು ಮೊದಲೇ ಹೇಳಿಬಿಡುತ್ತೇನೆ: ಎರಡು ರಾತ್ರಿ ಇರುವುದಾದರೆ ಮಾತ್ರ ಹೋಗಿ, ಅದರಲ್ಲಿ ಒಂದು ರಾತ್ರಿಯನ್ನಾದರೂ ನಿಜವಾಗಿ ನೆಲದಡಿಯಲ್ಲಿ ಕಳೆಯಿರಿ, ಗಣಿಗೆ ಇಳಿದು ಬರುವವರೆಗೆ ಒಂದು ಹರಳನ್ನೂ ಕೊಳ್ಳಬೇಡಿ.

ಊರು ಅಡಿಲೇಡ್‌ನಿಂದ 846 ಕಿ.ಮೀ. ಉತ್ತರಕ್ಕೆ, ಸ್ಟುವರ್ಟ್ ಹೆದ್ದಾರಿಯ ಮೇಲಿದೆ. ರಾತ್ರಿ ಬಸ್ಸು ಇದೆ, ಅಡಿಲೇಡ್‌ನಿಂದ ಸಣ್ಣ ವಿಮಾನವೂ ಇದೆ. ನಾವು ಕಾರಿನಲ್ಲಿ, ಪೋರ್ಟ್ ಅಗಸ್ಟಾದಲ್ಲಿ ಒಂದು ರಾತ್ರಿ ತಂಗಿ ಹೋದೆವು. ಅದೇ ಸರಿಯಾದ ಕ್ರಮವೆಂದು ಈಗಲೂ ಅನ್ನಿಸುತ್ತದೆ. ಒಂದೇ ದಿನದಲ್ಲಿ ಮುಟ್ಟಬೇಕೆಂದು ಹೊರಟವರು ಕೊನೆಯ ನೂರಿನ್ನೂರು ಕಿಲೋಮೀಟರನ್ನು ಮುಸ್ಸಂಜೆಯಲ್ಲಿ ಓಡಿಸಬೇಕಾಗುತ್ತದೆ, ಕಾಂಗರೂಗಳು ರಸ್ತೆಗೆ ಬರುವುದು ಸರಿಯಾಗಿ ಅದೇ ಹೊತ್ತಿಗೆ. ಪೋರ್ಟ್ ಅಗಸ್ಟಾ ಬಿಟ್ಟ ಮೇಲೆ ಮರಗಳು ಕುಳ್ಳಾಗುತ್ತ ಪೊದೆಗಳಾಗುತ್ತವೆ, ಪೊದೆಗಳು ವಿರಳವಾಗುತ್ತವೆ. ಪಿಂಬಾ ದಾಟಿದ ಮೇಲೆ ಬಲಗಡೆ ಹಾರ್ಟ್ ಸರೋವರ ಸಿಗುತ್ತದೆ. ಸರೋವರವೆಂಬುದು ಹೆಸರಿಗೆ ಮಾತ್ರ, ಇರುವುದು ಕಣ್ಣು ಕೋರೈಸುವ ಬಿಳಿ ಉಪ್ಪಿನ ಬಯಲು. ಅಲ್ಲಿಂದ ಮುಂದೆ ಹೆದ್ದಾರಿ ವೂಮೆರಾ ಸೇನಾ ಪರೀಕ್ಷಾ ವಲಯದ ನಡುವೆ ಹಾದುಹೋಗುವುದರಿಂದ ರಸ್ತೆ ಬಿಟ್ಟು ಒಳಗೆ ಹೋಗುವಂತಿಲ್ಲವೆಂದು ಫಲಕಗಳು ಎಚ್ಚರಿಸುತ್ತವೆ. ಗ್ಲೆಂಡಂಬೊದಿಂದ ಕೂಬರ್ ಪೀಡಿಯವರೆಗಿನ ಸುಮಾರು 250 ಕಿ.ಮೀ. ಉದ್ದಕ್ಕೂ ಪೆಟ್ರೋಲ್ ಬಂಕ್ ಇಲ್ಲ, ಊರಿಲ್ಲ, ದಾರಿಯ ಹೆಚ್ಚು ಭಾಗದಲ್ಲಿ ಮೊಬೈಲ್ ಸಿಗ್ನಲ್ಲೂ ಇಲ್ಲ. ಟ್ಯಾಂಕ್ ತುಂಬಿಸಿಕೊಂಡು, ತಲೆಗೆ ಹತ್ತು ಲೀಟರಿನಂತೆ ನೀರಿಟ್ಟುಕೊಂಡು ಹೊರಡಬೇಕು. ಬಾಡಿಗೆ ಕಾರಾದರೆ ರಾತ್ರಿ ಓಡಿಸಿದಾಗ ಮತ್ತು ಮಣ್ಣುರಸ್ತೆಗೆ ಇಳಿದಾಗ ವಿಮೆ ಉಳಿಯುತ್ತದೆಯೇ ಎಂಬುದನ್ನು ಒಪ್ಪಂದದ ಸಣ್ಣ ಅಕ್ಷರಗಳಲ್ಲಿ ಓದಿಕೊಳ್ಳಿ, ಏಕೆಂದರೆ ಈ ಊರಿನ ಅತ್ಯುತ್ತಮ ಜಾಗಗಳಿಗೆ ಇರುವುದು ಮಣ್ಣುರಸ್ತೆಯೇ.

ಊರಿಗೆ ಇನ್ನೂ ಎಷ್ಟೋ ದೂರವಿರುವಾಗಲೇ ಬಯಲಿನಲ್ಲಿ ಬಿಳಿ, ನಸುಗೆಂಪು, ಹಳದಿ ಬಣ್ಣದ ಮಣ್ಣುಗುಪ್ಪೆಗಳು ತೋರಲಾರಂಭಿಸಿದವು. ಮೊದಲು ಒಂದೆರಡು, ಆಮೇಲೆ ಹತ್ತಾರು, ಕೊನೆಗೆ ದಿಗಂತದವರೆಗೂ ಹುತ್ತಗಳ ಸಾಲು ಎದ್ದಂತೆ. ಒಂದೊಂದು ಗುಪ್ಪೆಯ ಬುಡದಲ್ಲೂ ಒಂದು ಗಣಿಬಾವಿ ಇದೆ: ಒಂದು ಮೀಟರ್ ಅಗಲ, ಹತ್ತಿಪ್ಪತ್ತು ಮೀಟರ್ ಆಳ, ಸುತ್ತ ಕಟ್ಟೆಯಿಲ್ಲ, ಬೇಲಿಯಿಲ್ಲ. ಇಂಥ ಬಾವಿಗಳು ಇಲ್ಲಿ ಲಕ್ಷಗಟ್ಟಲೆ ಇವೆ. ಓಡಬೇಡಿ, ಹಿಂದುಹಿಂದಕ್ಕೆ ಹೆಜ್ಜೆ ಇಡಬೇಡಿ ಎಂದು ಬೀಳುತ್ತಿರುವ ಮನುಷ್ಯನ ಚಿತ್ರದೊಂದಿಗೆ ರಸ್ತೆಬದಿಯಲ್ಲಿ ಫಲಕಗಳಿವೆ. ಫೋಟೋ ತೆಗೆಯುವವರು ಚೌಕಟ್ಟಿಗೆ ಎಲ್ಲವೂ ಸಿಗಲೆಂದು ಹಿಂದೆ ಸರಿಯುತ್ತಾರಲ್ಲ, ಆ ಅಭ್ಯಾಸ ಇಲ್ಲಿ ಜೀವಕ್ಕೇ ಎರವಾಗುತ್ತದೆ. ಮಕ್ಕಳನ್ನು ಕರೆದೊಯ್ಯುವವರು ಗುರುತಿಸಿದ ದಾರಿಯನ್ನು ಬಿಟ್ಟು ಒಂದು ಹೆಜ್ಜೆಯೂ ಆಚೆ ಹೋಗಕೂಡದು.

ಮೊದಲ ರಾತ್ರಿಯ ತಂಗುದಾಣದ ವಿಷಯದಲ್ಲಿ ನಾವು ಮೋಸಹೋದೆವು. ಅದರ ಹೆಸರು ಹೇಳುವುದು ನನ್ನ ಉದ್ದೇಶವಲ್ಲ, ಆದರೆ ನಮಗಾದದ್ದು ಇನ್ನೊಬ್ಬರಿಗೆ ಆಗಬಾರದೆಂದು ವಿವರಿಸುತ್ತಿದ್ದೇನೆ. ಕಾದಿರಿಸುವಾಗ ನೆಲದಡಿಯ ಕೋಣೆಯೆಂದೇ ಬರೆದಿತ್ತು, ಚಿತ್ರದಲ್ಲಿ ಕೆಂಪು ಕಲ್ಲಿನ ಗೋಡೆಯೂ ಕಾಣುತ್ತಿತ್ತು. ಹೋಗಿ ನೋಡಿದರೆ ಹಾಸಿಗೆಯ ಹಿಂದಿನ ಒಂದು ಗೋಡೆಯನ್ನು ಮಾತ್ರ ಗುಡ್ಡಕ್ಕೆ ಕೊರೆದಿದ್ದರು; ಉಳಿದ ಮೂರು ಇಟ್ಟಿಗೆಯವು, ಮೇಲೆ ತಗಡಿನ ಮಾಡು, ಪಶ್ಚಿಮಕ್ಕೆ ಮುಖ ಮಾಡಿದ ದೊಡ್ಡ ಕಿಟಕಿ. ಆ ದಿನ ಹೊರಗೆ 41 ಡಿಗ್ರಿ ಸೆಖೆಯಿತ್ತು. ಏಸಿ ರಾತ್ರಿಯಿಡೀ ಗುಡುಗುತ್ತಿದ್ದರೂ ಮಧ್ಯರಾತ್ರಿಯವರೆಗೆ ಆ ತಗಡಿನ ಕಾವು ಇಳಿಯಲಿಲ್ಲ. ಬೆಳಗ್ಗೆ ಕೇಳಿದಾಗ ಅಲ್ಲಿದ್ದವರು, ಇದೂ ಗುಡ್ಡದೊಳಗಿನ ಕೋಣೆಯೇ ಅಲ್ಲವೇ ಎಂದರು. ಅದರಿಂದ ನಾನು ಕಲಿತದ್ದಿಷ್ಟು: ಕಾದಿರಿಸುವ ಮುಂಚೆ ಫೋನ್ ಮಾಡಿ, ಕೋಣೆಯ ನಾಲ್ಕೂ ಗೋಡೆಗಳು ಮತ್ತು ಮೇಲ್ಛಾವಣಿ ಬಂಡೆಯವೇ, ಕಿಟಕಿ ಇದೆಯೇ, ಏಸಿ ಇದೆಯೇ ಎಂದು ಕೇಳಬೇಕು. ಕಿಟಕಿಯೂ ಏಸಿಯೂ ಇಲ್ಲವೆಂದು ಉತ್ತರ ಬಂದರೆ ಅದು ಒಳ್ಳೆಯ ಕೋಣೆ. ದೊಡ್ಡ ಹೋಟೆಲಾದ ಡೆಸರ್ಟ್ ಕೇವ್‌ನಲ್ಲಿಯೂ ನೆಲದ ಮೇಲಿನವು, ನೆಲದಡಿಯವು ಎಂದು ಎರಡು ಬಗೆಯ ಕೋಣೆಗಳಿರುವುದರಿಂದ ಯಾವುದೆಂದು ಸ್ಪಷ್ಟವಾಗಿ ಹೇಳಿಯೇ ಕಾದಿರಿಸಬೇಕು.

ಎರಡನೆಯ ರಾತ್ರಿ ಉಳಿದದ್ದು ನಿಜವಾದ ಡಗ್‌ಔಟ್‌ನಲ್ಲಿ. ಇಲ್ಲಿಯ ಜನ ನೆಲದಡಿಯ ಮನೆಗೆ ಹೇಳುವ ಹೆಸರೇ ಅದು. ಮೊದಲ ಮಹಾಯುದ್ಧದಿಂದ ಮರಳಿ ಬಂದ ಸೈನಿಕರು ಈ ಪದವನ್ನೂ ಈ ಪದ್ಧತಿಯನ್ನೂ ಇಲ್ಲಿಗೆ ತಂದರೆಂದು ಹೇಳುತ್ತಾರೆ. ಗುಡ್ಡದ ಬದಿಯಲ್ಲೊಂದು ಸಾಧಾರಣ ಬಾಗಿಲು. ಅದನ್ನು ತೆರೆದು ಹತ್ತು ಹೆಜ್ಜೆ ಒಳಗೆ ಹೋಗುವಷ್ಟರಲ್ಲಿ ಮೈಮೇಲಿನ ಬಿಸಿಲನ್ನು ಯಾರೋ ಕೈಯಿಂದ ಒರೆಸಿ ತೆಗೆದಂತಾಯಿತು. ಹೊರಗೆ ಬೇಸಿಗೆಯಲ್ಲಿ 45 ಡಿಗ್ರಿ ಮುಟ್ಟಿದರೂ, ಚಳಿಗಾಲದ ರಾತ್ರಿಯಲ್ಲಿ ಹಲ್ಲು ಕಟಕಟಿಸುವಂತಾದರೂ ಒಳಗೆ ವರ್ಷವಿಡೀ 23ರಿಂದ 25 ಡಿಗ್ರಿಯ ಆಸುಪಾಸು. ಮೇಲಿರುವ ಹಲವು ಮೀಟರ್ ದಪ್ಪದ ಬಂಡೆ ಹಗಲಿನ ಕಾವನ್ನು ಕೆಳಗೆ ಬಿಡುವುದೇ ಇಲ್ಲ. ಕಲ್ಲು ಮೃದುವಾದುದರಿಂದ ಯಂತ್ರದಿಂದ ಸುಲಭವಾಗಿ ಕೊರೆಯಬಹುದು, ಆದರೂ ಕಂಬವಿಲ್ಲದೆ, ತೊಲೆಯಿಲ್ಲದೆ ತಾನೇ ನಿಲ್ಲುವಷ್ಟು ಗಟ್ಟಿ. ಸುರಂಗ ಕೊರೆಯುವ ಯಂತ್ರದ ಹಲ್ಲುಗಳು ಗೋಡೆಯಲ್ಲೂ ಛಾವಣಿಯಲ್ಲೂ ಬಿಟ್ಟುಹೋದ ವೃತ್ತಾಕಾರದ ಗೆರೆಗಳನ್ನು ಹಾಗೆಯೇ ಉಳಿಸಿ, ಧೂಳು ಉದುರದಂತೆ ಪಾರದರ್ಶಕವಾದ ಅಂಟನ್ನು ಬಳಿದಿದ್ದರು. ನನ್ನ ದಿಂಬಿನ ಪಕ್ಕದಲ್ಲಿ, ಕೆಂಪು, ಕೆನೆ ಬಣ್ಣದ ಪದರಗಳ ನಡುವೆ, ಬೆರಳಗಲದ ಒಂದು ಜಿಪ್ಸಮ್ ಗೆರೆ ಓರೆಯಾಗಿ ಹಾದುಹೋಗಿತ್ತು. ದೀಪ ಹತ್ತಿರ ಹಿಡಿದರೆ ಅದು ಕಲ್ಲುಸಕ್ಕರೆಯ ಹಾಗೆ ಮಿನುಗುತ್ತಿತ್ತು.

ದೀಪ ಆರಿಸಿದ ಮೇಲಿನ ಕತ್ತಲೆಯನ್ನು ಹೇಗೆ ವಿವರಿಸಲಿ? ಊರಿನ ಮನೆಗಳಲ್ಲಿ ನಾವು ಕತ್ತಲೆ ಎನ್ನುವುದು ಬೆಳಕು ಕಡಿಮೆಯಾದ ಸ್ಥಿತಿಯನ್ನು ಮಾತ್ರ. ಇಲ್ಲಿ ಮುಖದ ಮುಂದೆ ಕೈ ಆಡಿಸಿದರೂ ಕಾಣದು. ಫ್ರಿಜ್ಜಿಲ್ಲ, ಫ್ಯಾನಿಲ್ಲ, ನಾಯಿಯ ಬೊಗಳಿಲ್ಲ, ಗಾಳಿಯ ಸದ್ದೂ ಇಲ್ಲ. ಕೇಳಿಸುತ್ತಿದ್ದುದು ನಮ್ಮಿಬ್ಬರ ಉಸಿರು ಮಾತ್ರ. ಇಕ್ಕಟ್ಟಾದ ಜಾಗಗಳೆಂದರೆ ನನಗೆ ಸ್ವಲ್ಪ ಭಯ, ಆದ್ದರಿಂದ ಆತಂಕದಿಂದಲೇ ಮಲಗಿದ್ದೆ. ಆದರೆ ಛಾವಣಿ ಎತ್ತರವಾಗಿತ್ತು, ಗಾಳಿ ತಿಳಿಯಾಗಿತ್ತು, ಅರ್ಧ ಗಂಟೆಯಲ್ಲಿ ಗಾಢ ನಿದ್ದೆ ಹತ್ತಿತು. ಬೆಳಗಿನ ಹೊತ್ತು ಎಚ್ಚರವಾದಾಗ ಕಂಡದ್ದು ಒಂದೇ ಒಂದು ಗುರುತು: ಛಾವಣಿಯ ಮೂಲೆಯಲ್ಲಿ ಗಾಳಿಗಾಗಿ ಮೇಲಿನವರೆಗೂ ಕೊರೆದಿದ್ದ ಕೊಳವೆಯ ತುದಿಯಲ್ಲಿ ಒಂದು ನಾಣ್ಯದಷ್ಟು ಬೂದು ಬೆಳಕು. ನೋಡನೋಡುತ್ತಿದ್ದಂತೆ ಆ ನಾಣ್ಯ ಬಿಳುಪಾಯಿತು, ಆಮೇಲೆ ಹೊಂಬಣ್ಣಕ್ಕೆ ತಿರುಗಿತು. ಈ ಪ್ರವಾಸದ ಖರ್ಚೆಲ್ಲ ಆ ಒಂದು ಬೆಳಗಿಗೇ ಸಂದಾಯವಾದರೂ ನನಗೆ ದೂರಿಲ್ಲ. ಒಂದು ಸೂಚನೆ ಮಾತ್ರ: ಅಲಾರಾಂ ಇಟ್ಟುಕೊಂಡು ಮಲಗಿ, ಬೆಳಗಾದದ್ದನ್ನು ಹೇಳುವ ಬೇರೆ ಏನೂ ಆ ಕೋಣೆಯಲ್ಲಿ ಇರುವುದಿಲ್ಲ, ಒಳಗೆ ಫೋನ್ ಸಿಗ್ನಲ್ ಕೂಡ ಬರುವುದಿಲ್ಲ.

ಗಣಿ ನೋಡಲು ಊರಿನಲ್ಲಿ ಹಲವು ಕಡೆ ಅವಕಾಶವಿದೆ. ನಾವು ನೋಡಿದ್ದರಲ್ಲಿ ನನಗೆ ಹೆಚ್ಚು ಮೆಚ್ಚುಗೆಯಾದದ್ದು ಓಲ್ಡ್ ಟೈಮರ್ಸ್ ಮೈನ್. 1916ರ ಸುಮಾರಿಗೆ ಕೈಯಿಂದ ತೋಡಿದ ಈ ಗಣಿಯನ್ನು ಅದರ ಕೆಲಸಗಾರರೇ ಮುಚ್ಚಿ ಮರೆಮಾಡಿ ಹೋಗಿದ್ದರು. 1968ರಲ್ಲಿ ಪಕ್ಕದ ಡಗ್‌ಔಟ್‌ ಮನೆಯನ್ನು ವಿಸ್ತರಿಸಲು ಹೊರಟವರ ಗೋಡೆ ಒಡೆದು ಇದರೊಳಕ್ಕೆ ತೆರೆದುಕೊಂಡಿತು. ಹೆಲ್ಮೆಟ್ ಕೊಡುತ್ತಾರೆ, ನಮ್ಮ ಪಾಡಿಗೆ ನಾವು ನಡೆದು ನೋಡಬಹುದು. ಹೆಲ್ಮೆಟ್ ಅಲಂಕಾರಕ್ಕಲ್ಲವೆಂಬುದು ಹತ್ತು ನಿಮಿಷದೊಳಗೆ ತಿಳಿಯುತ್ತದೆ, ಏಕೆಂದರೆ ಹಳೆಯ ಸುರಂಗಗಳನ್ನು ತೋಡಿದವರು ಹಾರೆ ಬೀಸಲು ಎಷ್ಟು ಜಾಗ ಬೇಕೋ ಅಷ್ಟನ್ನೇ ತೋಡಿದ್ದಾರೆ. ಕೆಲವೆಡೆ ನಾನು ಸೊಂಟ ಬಾಗಿಸಿಯೇ ನಡೆಯಬೇಕಾಯಿತು. ಗೋಡೆಯಲ್ಲಿ ಹಾರೆಯ ಪ್ರತಿಯೊಂದು ಏಟೂ ಬೇರೆಬೇರೆಯಾಗಿ ಕಾಣುತ್ತದೆ. ಒಂದು ತಿರುವಿನಲ್ಲಿ ಗೋಡೆಯ ನಡುವೆ ಅಡ್ಡಲಾಗಿ ಹರಿದ ತೆಳು ಓಪಲ್ ಪದರವನ್ನು ತೆಗೆಯದೆ ಹಾಗೆಯೇ ಬಿಟ್ಟಿದ್ದಾರೆ. ಟಾರ್ಚ್ ಹಿಡಿದು ತಲೆಯನ್ನು ಅತ್ತಿತ್ತ ಆಡಿಸಿದರೆ ಬೂದು ಕಲ್ಲಿನೊಳಗಿಂದ ಒಮ್ಮೆ ಹಸಿರು, ಒಮ್ಮೆ ನೀಲಿ ಸುಳಿದು ಹೋಗುತ್ತದೆ. ಗಣಿಗಾರರು ಇಂಥ ಅಡ್ಡಪದರವನ್ನು ಲೆವೆಲ್ ಎನ್ನುತ್ತಾರೆ, ಬಂಡೆಯಲ್ಲಿ ನೆಟ್ಟಗೆ ಇಳಿದ ಬಿರುಕನ್ನು ಸ್ಲೈಡ್ ಎನ್ನುತ್ತಾರೆ. ಬಣ್ಣವಾಡದ ಸಾದಾ ಓಪಲ್ ಪಾಚ್, ಬಣ್ಣವಾಡುವುದು ಕಲರ್. ಈ ನಾಲ್ಕು ಮಾತು ತಿಳಿದುಕೊಂಡರೆ ಊರಿನಲ್ಲಿ ಯಾರೊಡನೆಯೂ ಗಂಟೆಗಟ್ಟಲೆ ಮಾತನಾಡಬಹುದು.

ಊರಿನ ಹುಟ್ಟಿನ ಕಥೆಯನ್ನು ಉಮೂನಾ ಗಣಿ ಮತ್ತು ವಸ್ತುಸಂಗ್ರಹಾಲಯದಲ್ಲಿ ಅಚ್ಚುಕಟ್ಟಾಗಿ ಹೇಳುತ್ತಾರೆ. 1915ರ ಫೆಬ್ರವರಿ 1ರಂದು, ಚಿನ್ನ ಹುಡುಕುತ್ತ ಬಂದಿದ್ದ ಒಂದು ಸಣ್ಣ ತಂಡದಲ್ಲಿದ್ದ 14 ವರ್ಷದ ಹುಡುಗ ವಿಲ್ಲಿ ಹಚಿಸನ್ ಇಲ್ಲಿ ಓಪಲ್ ಚೂರುಗಳನ್ನು ಕಂಡುಹಿಡಿದ. ತಂಡಕ್ಕೆ ಆಗ ಚಿನ್ನಕ್ಕಿಂತ ತುರ್ತಾಗಿ ಬೇಕಾಗಿದ್ದುದು ಕುಡಿಯುವ ನೀರು. ಮೊದಲು ಸ್ಟುವರ್ಟ್ ರೇಂಜ್ ಓಪಲ್ ಫೀಲ್ಡ್ ಎಂದಿದ್ದ ಹೆಸರು 1920ರಲ್ಲಿ ಕೂಬರ್ ಪೀಡಿ ಎಂದಾಯಿತು; ಮೂಲನಿವಾಸಿಗಳ ಕೂಪ ಪಿಟಿ ಎಂಬ ಮಾತಿನಿಂದ ಬಂದ ಇದಕ್ಕೆ ಬಿಳಿಯರ ಬಿಲ ಎಂಬ ಅರ್ಥವನ್ನು ಕೊಡುತ್ತಾರೆ. ಬಾವಿಗೆ ಕೂಪವೆನ್ನುವ ನಮಗೆ ಈ ಹೆಸರು ಕಿವಿಗೆ ಬಿದ್ದೊಡನೆ ಪರಿಚಿತವೆನಿಸುತ್ತದೆ, ಅದು ಕೇವಲ ಧ್ವನಿಯ ಕಾಕತಾಳೀಯ. ಓಪಲ್ ಎಂಬ ಹೆಸರಿನ ಮಾತು ಬೇರೆ: ಕಲ್ಲು ಎಂಬರ್ಥದ ಸಂಸ್ಕೃತದ ಉಪಲವೇ ಗ್ರೀಕ್, ಲ್ಯಾಟಿನ್‌ಗಳ ಮೂಲಕ ಹಾದು ಓಪಲ್ ಆಗಿರಬೇಕೆಂದು ಹಲವು ನಿಘಂಟುಗಳು ಹೇಳುತ್ತವೆ.

ಈ ಕಲ್ಲಿನ ಬಣ್ಣ ಎಲ್ಲಿಂದ ಬರುತ್ತದೆ ಎಂಬುದನ್ನು ತಿಳಿದ ಮೇಲೆ ನನಗೆ ಅದರ ಮೇಲಿನ ಪ್ರೀತಿ ಹೆಚ್ಚಾಯಿತು. ಹನ್ನೊಂದು ಕೋಟಿ ವರ್ಷಗಳ ಹಿಂದೆ, ಕ್ರಿಟೇಷಿಯಸ್ ಯುಗದಲ್ಲಿ, ಈ ಮರುಭೂಮಿಯ ಮೇಲೆ ಒಂದು ಒಳನಾಡಿನ ಸಮುದ್ರವಿತ್ತು. ಅದು ಬಿಟ್ಟುಹೋದ ಕೆಸರು ಕಲ್ಲಾಗಿ, ಬಹುಕಾಲದ ನಂತರ ಆ ಕಲ್ಲು ಶಿಥಿಲವಾಗುತ್ತ ಮರಳಿನ ಮೂಲವಸ್ತುವಾದ ಸಿಲಿಕಾ ಕರಗಿದ ನೀರು ಬಿರುಕುಗಳಿಗೆ ಇಳಿದು ಅಲ್ಲಿಯೇ ಮೆಲ್ಲಗೆ ಗಟ್ಟಿಯಾಯಿತು. ಸಮುದ್ರದಲ್ಲಿದ್ದ ಚಿಪ್ಪುಗಳೂ ಪ್ರಾಣಿಗಳ ಮೂಳೆಗಳೂ ಎಷ್ಟೋ ಕಡೆ ಓಪಲ್ ಆಗಿಬಿಟ್ಟಿವೆ. ಇಲ್ಲಿ 1987ರಲ್ಲಿ ಸಿಕ್ಕಿದ ಎರಿಕ್ ಎಂಬ ಅಡ್ಡಹೆಸರಿನ ಕಡಲ ಸರೀಸೃಪದ ಓಪಲ್ ಅಸ್ಥಿಪಂಜರ ಈಗ ಸಿಡ್ನಿಯ ಆಸ್ಟ್ರೇಲಿಯನ್ ಮ್ಯೂಸಿಯಂನಲ್ಲಿದೆ. ಓಪಲ್‌ನೊಳಗೆ ಬಣ್ಣದ ವಸ್ತು ಎಂಬುದೇ ಇಲ್ಲ. ಕಣ್ಣಿಗೆ ಕಾಣದಷ್ಟು ಸಣ್ಣ ಸಿಲಿಕಾ ಗುಂಡುಗಳು ಒಂದೇ ಗಾತ್ರದವಾಗಿ, ಹಣ್ಣಿನಂಗಡಿಯಲ್ಲಿ ಜೋಡಿಸಿಟ್ಟ ಕಿತ್ತಳೆಗಳಂತೆ ಸಾಲಾಗಿ ಕೂತಿರುವುದರಿಂದ ಬೆಳಕು ಅವುಗಳ ನಡುವೆ ಹಾದು ಬಣ್ಣಬಣ್ಣವಾಗಿ ಒಡೆಯುತ್ತದೆ. ಗುಂಡುಗಳು ಸಣ್ಣವಾದರೆ ನೀಲಿ, ದೊಡ್ಡವಾದರೆ ಕೆಂಪು. ಅಷ್ಟು ದೊಡ್ಡ ಗುಂಡುಗಳು ಸಾಲು ತಪ್ಪದೆ ಕೂರುವುದು ಅಪರೂಪವಾದುದರಿಂದಲೇ ಕೆಂಪು ಬಣ್ಣವಾಡುವ ಹರಳಿಗೆ ಬೆಲೆ ಹೆಚ್ಚು. ಸಾಲು ಕೆಟ್ಟು ಚೆಲ್ಲಾಪಿಲ್ಲಿಯಾದರೆ ಅದೇ ಪಾಚ್. ಆಸ್ಟ್ರೇಲಿಯಾದ ವಿಜ್ಞಾನಿಗಳು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಈ ಜೋಡಣೆಯನ್ನು ಕಂಡುಕೊಂಡದ್ದು 1960ರ ದಶಕದಲ್ಲಿ.

ಇಲ್ಲಿ ದೊಡ್ಡ ಗಣಿ ಕಂಪನಿಗಳಿಲ್ಲ ಎಂಬುದು ನನಗೆ ಹೊಸ ಸಂಗತಿ. ಒಬ್ಬೊಬ್ಬರಾಗಿ, ಇಬ್ಬಿಬ್ಬರಾಗಿ ಪರವಾನಗಿ ಪಡೆದು, ಸಣ್ಣ ತುಂಡು ನೆಲಕ್ಕೆ ಗೂಟ ನೆಟ್ಟು ತೋಡುವವರದೇ ಈ ಕಸುಬು. ಲಾರಿಯ ಮೇಲೆ ದೊಡ್ಡ ಪೀಪಾಯಿ ಹೊತ್ತ ಬ್ಲೋವರ್ ಎಂಬ ಯಂತ್ರ ಸುರಂಗದೊಳಗಿನ ಮಣ್ಣನ್ನು ಕೊಳವೆಯಿಂದ ಹೀರಿ ಮೇಲೆ ಸುರಿಯುತ್ತದೆ; ಆ ಗುಪ್ಪೆಗೆ ಮಲಕ್ ಎಂದು ಹೆಸರು. ನಮಗೆ ಗಣಿ ತೋರಿಸಿದ ಹಿರಿಯರು ಐವತ್ತು ವರ್ಷದಿಂದ ಈ ಕೆಲಸದಲ್ಲಿದ್ದವರು. ಕಬ್ಬಿಣದ ಎರಡು ಸರಳುಗಳನ್ನು ಕೈಯಲ್ಲಿ ಹಿಡಿದು, ಬಂಡೆಯ ಬಿರುಕು ಇದ್ದಲ್ಲಿ ಅವು ಒಂದನ್ನೊಂದು ದಾಟುತ್ತವೆಂದು ನಡೆದು ತೋರಿಸಿದರು. ಅದನ್ನು ನಂಬುವುದು ಬಿಡುವುದು ನೋಡುವವರಿಗೆ ಬಿಟ್ಟದ್ದು, ಅವರಂತೂ ನಂಬಿದ್ದರು. ಎರಡು ಸಲ ಸಾಕಷ್ಟು ಸಿಕ್ಕಿತು, ಎರಡು ಸಲವೂ ಡೀಸೆಲ್ಲಿಗೇ ಹೋಯಿತು ಎಂದು ಸಮಾಧಾನದಿಂದ ಹೇಳಿದ ಆ ಮನುಷ್ಯ ಮರುದಿನ ಬೆಳಗ್ಗೆ ಐದಕ್ಕೆ ಮತ್ತೆ ಬಾವಿಗಿಳಿಯುವವರಿದ್ದರು. 1956ರಲ್ಲಿ ಇಲ್ಲಿಯ ಏಯ್ಟ್ ಮೈಲ್ ಕ್ಷೇತ್ರದಲ್ಲಿ ಸಿಕ್ಕಿ, ಆ ವರ್ಷದ ಮೆಲ್ಬರ್ನ್ ಒಲಿಂಪಿಕ್ಸ್ ನೆನಪಿಗೆ ಒಲಿಂಪಿಕ್ ಆಸ್ಟ್ರೇಲಿಸ್ ಎಂದು ಹೆಸರಾದ 17,000 ಕ್ಯಾರೆಟ್ಟಿನ ಓಪಲ್‌ನ ಕಥೆಯನ್ನು ಊರಿನ ಎಲ್ಲರೂ ಹೇಳುತ್ತಾರೆ.

ಸಂದರ್ಶಕರು ತಾವೇ ಓಪಲ್ ಹುಡುಕುವ ಕೆಲಸಕ್ಕೆ ನೂಡ್ಲಿಂಗ್ ಎನ್ನುತ್ತಾರೆ. ಬೇರೆಯವರ ಗುಪ್ಪೆಗೆ ಅವರ ಅನುಮತಿ ಇಲ್ಲದೆ ಕೈ ಹಾಕುವಂತಿಲ್ಲ, ಆದರೆ ಊರೊಳಗೇ ಜುವೆಲರ್ಸ್ ಶಾಪ್ ರಸ್ತೆಯಲ್ಲಿ ಎಲ್ಲರಿಗೂ ಮುಕ್ತವಾದ ಜಾಗವಿದೆ. ಅಲ್ಲಿ ಕಾಸು ಕೊಡಬೇಕಾಗಿಲ್ಲ. ಸೂರ್ಯ ಏರುವ ಮುಂಚೆಯೇ ಹೋಗಿ ಕುಳಿತೆವು. ಹಿಟ್ಟಿನಂಥ ಬಿಳಿ ಮಣ್ಣು, ನಡುವೆ ಜಿಪ್ಸಮ್ ಚೂರುಗಳ ಸುಳ್ಳು ಹೊಳಪು. ಮೊದಲ ಗಂಟೆ ಜಿಪ್ಸಮ್ಮನ್ನೇ ಓಪಲ್ ಎಂದುಕೊಂಡು ಜೇಬು ತುಂಬಿಸಿದೆ. ಪಕ್ಕದಲ್ಲಿ ಕೂತಿದ್ದ ಅಜ್ಜಿಯೊಬ್ಬರು, ಜಿಪ್ಸಮ್ಮಾದರೆ ಉಗುರಿಗೇ ಗೀರುತ್ತದೆ, ಓಪಲ್ ಗೀರುವುದಿಲ್ಲ, ನಾಲಗೆ ತಾಗಿಸಿ ನೋಡು ಎಂದು ಹೇಳಿಕೊಟ್ಟರು. ಒದ್ದೆಯಾದಾಗ ಮಾತ್ರ ಬಣ್ಣ ಮೇಲೇಳುತ್ತದಂತೆ. ಎರಡನೆಯ ಗಂಟೆಯ ಕೊನೆಗೆ ಹೆಬ್ಬೆರಳಿನ ಉಗುರಿನಷ್ಟು ದೊಡ್ಡ ಬೂದು ಚೂರೊಂದನ್ನು ಬಾಟಲಿಯ ನೀರಿನಲ್ಲಿ ತೊಳೆದೆ. ಪಾಚ್ ಎಂದು ಎಸೆಯುವುದರಲ್ಲಿದ್ದೆ, ಅಷ್ಟರಲ್ಲಿ ಅದರ ಒಂದು ಅಂಚಿನಲ್ಲಿ, ದಾರದಷ್ಟು ಸಣ್ಣಗೆ, ಹಸಿರು ಗೆರೆಯೊಂದು ಎದ್ದು ನಿಂತಿತು. ಚೂರನ್ನು ಅರ್ಧ ಸುತ್ತು ತಿರುಗಿಸಿದರೆ ಅದೇ ಗೆರೆ ನೀಲಿಯಾಯಿತು, ಇನ್ನಷ್ಟು ತಿರುಗಿಸಿದರೆ ಮಾಯವಾಯಿತು. ಅಂಗಡಿಯಲ್ಲಿ ತೋರಿಸಿದಾಗ ಅದಕ್ಕೆ ಬೆಲೆಯೇನೂ ಬರುವುದಿಲ್ಲವೆಂದರು. ನಾನು ಮಾರುವವಳೂ ಅಲ್ಲ. ಟೋಪಿ, ನೊಣಗಳಿಂದ ಮುಖ ಕಾಯುವ ಬಲೆ, ನೀರು ತುಂಬುವ ಸಣ್ಣ ಪಿಚಕಾರಿ ಬಾಟಲಿ, ಇವಿಷ್ಟು ಇದ್ದರೆ ಸಾಕು. ಬಲೆಯನ್ನಂತೂ ಮರೆಯಬೇಡಿ, ನವೆಂಬರಿನ ನೊಣಗಳು ಕಣ್ಣು, ಮೂಗು, ಬಾಯಿ ಏನನ್ನೂ ಬಿಡುವುದಿಲ್ಲ.

ಹರಳು ಕೊಳ್ಳುವ ವಿಷಯದಲ್ಲಿ ನಾನು ಸ್ವಲ್ಪ ಕಟುವಾಗಿಯೇ ಬರೆಯಬೇಕಾಗಿದೆ. ಊರಿನಲ್ಲಿ ಓಪಲ್ ಅಂಗಡಿಗಳು ಬೇಕಾದಷ್ಟಿವೆ, ಹೆಚ್ಚಿನವರು ತಾವಾಗಿಯೇ ಎಲ್ಲವನ್ನೂ ವಿವರಿಸುವ ಪ್ರಾಮಾಣಿಕರು. ಆದರೆ ಒಂದು ಅಂಗಡಿಯಲ್ಲಿ, ತೀಕ್ಷ್ಣವಾದ ದೀಪದ ಕೆಳಗೆ, ಕಪ್ಪು ಬಟ್ಟೆಯ ಮೇಲೆ ಇಟ್ಟ ಪದಕವೊಂದನ್ನು ನಮಗೆ ತೋರಿಸಿ, ಅದು ಟ್ರಿಪ್ಲೆಟ್ ಎಂಬುದನ್ನು ನಾವಾಗಿ ಕೇಳುವವರೆಗೆ ಹೇಳಲೇ ಇಲ್ಲ. ಇಡೀ ಕಲ್ಲು ಓಪಲ್ಲೇ ಆಗಿದ್ದರೆ ಸಾಲಿಡ್. ತೆಳುವಾದ ಓಪಲ್ ಪದರವನ್ನು ಕಪ್ಪು ತಳಕ್ಕೆ ಅಂಟಿಸಿದರೆ ಡಬ್ಲೆಟ್. ಅದರ ಮೇಲೆ ಗಾಜು ಅಥವಾ ಸ್ಫಟಿಕದ ಮುಚ್ಚಳವನ್ನೂ ಕೂರಿಸಿದರೆ ಟ್ರಿಪ್ಲೆಟ್. ಮೂರೂ ಮಾರಾಟಕ್ಕೆ ಯೋಗ್ಯವಾದವೇ, ಕಡಿಮೆ ಹಣದಲ್ಲಿ ಚೆಂದದ ಬಣ್ಣ ಬೇಕೆನ್ನುವವರು ಟ್ರಿಪ್ಲೆಟ್ ಕೊಂಡರೆ ತಪ್ಪಿಲ್ಲ. ಹೇಳದೆ ಮಾರುವುದು ಮಾತ್ರ ತಪ್ಪು. ಹರಳನ್ನು ಪಕ್ಕದಿಂದ ನೋಡಿ, ಅಂಚಿನಲ್ಲಿ ಗೆರೆ ಎಳೆದಷ್ಟು ನೇರವಾದ ಕೂಡುಗೆ ಕಂಡರೆ ಅದು ಅಂಟಿಸಿದ್ದು. ಆದರೆ ಆಭರಣದ ಚೌಕಟ್ಟಿನೊಳಗೆ ಅಂಚು ಮುಚ್ಚಿಹೋಗಿದ್ದರೆ ಗುರುತಿಸುವುದು ಕಷ್ಟ. ಆದ್ದರಿಂದ ಕಟ್ಟಿಸದ ಬಿಡಿ ಹರಳನ್ನೇ ನೋಡಿ, ಬಿಲ್ಲಿನಲ್ಲಿ ಸಾಲಿಡ್ ಎಂದು ಬರೆಸಿಕೊಳ್ಳಿ. ಅಂಗಡಿಯ ದೀಪವನ್ನು ನಂಬದೆ ಬಾಗಿಲ ಬಳಿಯ ಹಗಲ ಬೆಳಕಿಗೂ, ನೆರಳಿಗೂ ಒಯ್ದು ನೋಡಲು ಅನುಮತಿ ಕೇಳಿ, ಒಳ್ಳೆಯ ಅಂಗಡಿಯವರು ಸಂತೋಷದಿಂದ ಒಪ್ಪುತ್ತಾರೆ. ಇಲ್ಲಿ ಹೆಚ್ಚಾಗಿ ಸಿಗುವುದು ಹಾಲುಬಣ್ಣದ ಓಪಲ್ ಮತ್ತು ಪಾರದರ್ಶಕವಾದ ಕ್ರಿಸ್ಟಲ್ ಓಪಲ್; ಹೆಸರಾಂತ ಕಪ್ಪು ಓಪಲ್ ಬರುವುದು ನ್ಯೂ ಸೌತ್ ವೇಲ್ಸ್‌ನ ಲೈಟ್ನಿಂಗ್ ರಿಜ್‌ನಿಂದ. ಒಂದೇ ಅಂಗಡಿಯಲ್ಲಿ 300 ಆಸ್ಟ್ರೇಲಿಯನ್ ಡಾಲರ್‌ಗಳಿಗೆ ಕಡಿಮೆಯಿಲ್ಲದಂತೆ ಕೊಂಡು, 60 ದಿನಗಳೊಳಗೆ ದೇಶ ಬಿಡುವವರು ವಿಮಾನ ನಿಲ್ದಾಣದಲ್ಲಿ ಜಿಎಸ್‌ಟಿ ವಾಪಸು ಕೇಳಬಹುದು. ಅದಕ್ಕೆ ತೆರಿಗೆ ಬಿಲ್ಲನ್ನೂ ಹರಳನ್ನೂ ಕೈಚೀಲದಲ್ಲಿಯೇ ಇಟ್ಟುಕೊಳ್ಳಬೇಕು.

ನೆಲದಡಿಯ ಚರ್ಚುಗಳಲ್ಲಿ ಸರ್ಬಿಯನ್ ಆರ್ಥೊಡಾಕ್ಸ್ ಚರ್ಚನ್ನು ತಪ್ಪದೆ ನೋಡಿ. ಸರ್ಬಿಯಾ, ಕ್ರೊಯೇಷಿಯಾ, ಗ್ರೀಸ್, ಇಟಲಿಗಳಿಂದ ಅದೃಷ್ಟ ಅರಸಿ ಬಂದವರು ಕಟ್ಟಿದ ಊರಿದು. ಬಾಗಿಲಿನಿಂದ ಇಳಿಜಾರಾಗಿ ಒಳಗೆ ಹೋದರೆ ಕಮಾನಿನ ಛಾವಣಿಯ ಎತ್ತರವಾದ ಸಭಾಂಗಣ, ಬಂಡೆಯ ಗೋಡೆಯಲ್ಲೇ ಕೆತ್ತಿದ ಸಂತರ ಉಬ್ಬುಶಿಲ್ಪಗಳು, ಒಂದು ತುದಿಯಲ್ಲಿ ಬಣ್ಣದ ಗಾಜುಗಳ ಮೂಲಕ ಬೀಳುವ ಬೆಳಕು. ನಾವು ಹೋದಾಗ ಒಳಗೆ ಯಾರೂ ಇರಲಿಲ್ಲ. ಹೊರಗಿನ ಕಾಣಿಕೆ ಡಬ್ಬಿಗೆ ನಿಮ್ಮ ಶಕ್ತಿಯಿದ್ದಷ್ಟು ಹಾಕಿ ಬನ್ನಿ.

ಸಂಜೆಯ ಹೊತ್ತನ್ನು ಕಾಂಕು ಬ್ರೇಕ್‌ಅವೇಸ್‌ಗೆ ಮೀಸಲಿಡಬೇಕು. ಊರಿನಿಂದ ಸುಮಾರು 32 ಕಿ.ಮೀ. ಉತ್ತರಕ್ಕೆ, ಅಂಟಕಿರಿಂಜ ಮಾಟು ಯಾಂಕುನಿಟ್ಜಾಟ್ಜಾರ ಎಂಬ ಮೂಲನಿವಾಸಿಗಳ ನಾಡಿನಲ್ಲಿರುವ ಈ ಸಂರಕ್ಷಿತ ಪ್ರದೇಶಕ್ಕೆ ಮುಂಚಿತವಾಗಿಯೇ ಪರವಾನಗಿ ಪಡೆಯಬೇಕು. ಮಳೆ ಬಂದರೆ ಮಣ್ಣುರಸ್ತೆ ಕಾರಿಗೆ ಆಗದು. ಚಪ್ಪಟೆ ತಲೆಯ ಗುಡ್ಡಗಳು ಮುಖ್ಯ ದಿಬ್ಬದಿಂದ ಮುರಿದು ಬೇರೆಯಾಗಿ ನಿಂತಂತಿವೆ. ಒಂದು ಗುಡ್ಡ ಅರ್ಧ ಬೆಳ್ಳಗೆ, ಅರ್ಧ ಕಂದು. ಸೂರ್ಯ ಇಳಿಯುತ್ತಿದ್ದಂತೆ ಹಳದಿ ಕೇಸರಿಯಾಗಿ, ಕೇಸರಿ ಕೆಂಪಾಗಿ, ಕೆಂಪು ನೇರಳೆಯಾಗಿ ಹೋದದ್ದನ್ನು ನಾವು ದಿಬ್ಬದ ಅಂಚಿನಲ್ಲಿ ಕೂತು ಒಂದು ಗಂಟೆ ನೋಡಿದೆವು. ನಡೆದಾಡಬಾರದ ಪವಿತ್ರ ಸ್ಥಳಗಳು ಇಲ್ಲಿವೆ, ಫಲಕದ ಮಾತನ್ನು ಮೀರಬೇಡಿ. ಇದರ ಬಳಿಯಲ್ಲೇ, ಕುರಿಗಳ ಪ್ರದೇಶಕ್ಕೆ ಡಿಂಗೊ ಎಂಬ ಕಾಡುನಾಯಿಗಳು ನುಗ್ಗದಂತೆ ಕಟ್ಟಿದ 5,600 ಕಿ.ಮೀ. ಉದ್ದದ ನಾಯಿಬೇಲಿಯೂ ಹಾದುಹೋಗುತ್ತದೆ. ಸಾಧಾರಣ ತಂತಿಬೇಲಿ, ಹೆಚ್ಚುಕಡಿಮೆ ಆಳೆತ್ತರ. ಅದು ಎರಡೂ ಕಡೆ ನೇರವಾಗಿ ಹೋಗಿ ದಿಗಂತದಲ್ಲಿ ಕರಗುವುದನ್ನು ನೋಡಲು ಐದು ನಿಮಿಷ ನಿಂತರೂ ಸಾರ್ಥಕ.

ಊಟಕ್ಕೆ ಪಿಜ್ಜಾ, ಗ್ರೀಕ್ ತಿನಿಸು, ಪಬ್ಬಿನ ಊಟ ಸಿಗುತ್ತವೆ. ಸಸ್ಯಾಹಾರಿಗಳಿಗೆ ಆಯ್ಕೆ ಕಡಿಮೆ, ಸಂಜೆ ಎಂಟರ ಮೇಲೆ ಯಾರಿಗೂ ಆಯ್ಕೆ ಕಡಿಮೆ. ತರಕಾರಿ, ಹಣ್ಣು ದೂರದಿಂದ ಲಾರಿಯಲ್ಲಿ ಬರುವುದರಿಂದ ತುಟ್ಟಿ. ನೀರು ಊರಿನಿಂದ 24 ಕಿ.ಮೀ. ಆಚೆಯ ಕೊಳವೆಬಾವಿಯಿಂದ ಬರುತ್ತದೆ, ಉಪ್ಪು ತೆಗೆದ ಮೇಲೆಯೇ ಕುಡಿಯಬೇಕು; ಸ್ನಾನದ ಮನೆಯಲ್ಲಿ ಬೇಗ ಮುಗಿಸಿರೆಂದು ಚೀಟಿ ಅಂಟಿಸಿದ್ದರೆ ಅದನ್ನು ಪಾಲಿಸುವುದು ಅತಿಥಿಯ ಧರ್ಮ. ಒಂದೂವರೆ ಸಾವಿರದಷ್ಟು ಜನರಿರುವ ಈ ಊರು 2017ರಿಂದ ತನ್ನ ವಿದ್ಯುತ್ತಿನ ಹೆಚ್ಚು ಪಾಲನ್ನು ಗಾಳಿ, ಬಿಸಿಲಿನಿಂದ ಪಡೆಯುತ್ತಿದೆ ಎಂಬುದು ಸಂತೋಷದ ವಿಷಯ. ಬಯಲು ಸಿನಿಮಾ ಮಂದಿರದಲ್ಲಿ ಸಿಡಿಮದ್ದು ತರಬಾರದೆಂದು ಪರದೆಯ ಮೇಲೆ ಸೂಚನೆ ಹಾಕುತ್ತಿದ್ದ ಊರಿದು. ಗಣಿಗಾರರು ಜೇಬಿನಲ್ಲೇ ಅದನ್ನಿಟ್ಟುಕೊಂಡು ಬರುತ್ತಿದ್ದ ಕಾಲವೊಂದಿತ್ತು.

ನವೆಂಬರಿನಲ್ಲಿ ಹೋದದ್ದರಿಂದ ನೆಲದಡಿಯ ತಂಪಿನ ಬೆಲೆ ನಮಗೆ ತಿಳಿಯಿತು, ಆದರೆ ಬೆಳಗ್ಗೆ ಹತ್ತರಿಂದ ಸಂಜೆ ಐದರವರೆಗೆ ಹೊರಗೆ ಏನನ್ನೂ ಮಾಡಲಾಗಲಿಲ್ಲ. ಹುಲ್ಲೇ ಇಲ್ಲದ ಗಾಲ್ಫ್ ಮೈದಾನದಲ್ಲಿ, ಸಣ್ಣ ಹುಲ್ಲುಹಾಸಿನ ತುಂಡನ್ನು ಜೊತೆಗೆ ಒಯ್ಯುತ್ತ, ರಾತ್ರಿ ಹೊಳೆಯುವ ಚೆಂಡುಗಳಲ್ಲಿ ಆಡುವುದನ್ನು ನೋಡಬೇಕೆಂದಿದ್ದೆವು, ಅದೂ ಕೈಗೂಡಲಿಲ್ಲ. ಅಲ್ಲಿ ತಂಪಿನ ದಿನಗಳಾದ ಏಪ್ರಿಲ್‌ನಿಂದ ಸೆಪ್ಟೆಂಬರ್‌ವರೆಗಿನ ಕಾಲವೇ ಒಳ್ಳೆಯದು. ಮುಂದಿನ ಸಲ ಜೂನ್‌ನಲ್ಲಿ ಹೋಗಿ ಮೂರು ರಾತ್ರಿ ಉಳಿಯುವವರಿದ್ದೇವೆ. ಎರಡನೆಯ ತಂಗುದಾಣದವರಿಗೆ ಬರೆದು, ದಿಂಬಿನ ಪಕ್ಕ ಜಿಪ್ಸಮ್ ಗೆರೆಯಿದ್ದ ಆ ಕೋಣೆಯನ್ನೇ ಕೇಳಿದ್ದೇನೆ.